ಮರಳಲ್ಲಿ ಮಲಗಿ ನೀರು ನೋಡುತ್ತಿದ್ದವರು

ಊಟ ಮಾಡಿ ಮಲಗಿದವರು ಸಂಜೆ ಕಾಫಿಗೆ ಏಳಲಿಲ್ಲವಂತೆ. ಹೊಸದುರ್ಗದಿಂದ ಅವರ ಹೆಂಡತಿ ಫೋನು ಮಾಡಿ ಇಷ್ಟು ಹೇಳಿದಾಗ ನಾನು ಚಿತ್ರದುರ್ಗದ ಮನೆಯಲ್ಲಿ ಸೊಪ್ಪು ಸೋಸುತ್ತಾ ಕೂತಿದ್ದೆ. ನನಗೆ ಅದು ಸಾವಿನ ಸುದ್ದಿ ಅನ್ನಿಸಲೇ ಇಲ್ಲ. ಆ ಮನುಷ್ಯ ಮಧ್ಯಾಹ್ನ ಮಲಗಿದ್ದಾರೆ ಅಂದರೆ ಎಲ್ಲೋ ನೀರು ಹುಡುಕುತ್ತಿದ್ದಾರೆ ಅಂತಲೇ ನನ್ನ ಲೆಕ್ಕ. ಎಬ್ಬಿಸಬೇಡಿ, ತಾವಾಗೇ ಏಳುತ್ತಾರೆ ಅನ್ನುವುದಕ್ಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆ ಕಡೆ ಆಕೆ ಅಳುವುದು ಕೇಳಿಸಿತು. ಆಮೇಲೆ ನಾನೂ ಅತ್ತೆ. ಸೊಪ್ಪು ಹಾಗೇ ಬಾಡಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಪೇಪರಿನಲ್ಲಿ ಬರಬೇಕು ಅಂತ ಬದುಕಿಡೀ ಆಸೆಪಟ್ಟವರು. ಈಗ ಬರೆದರೆ ಎಲ್ಲಿದ್ದಾರೋ ಅಲ್ಲಿ ಅಕ್ಕಪಕ್ಕದವರಿಗೆ ತೋರಿಸಿ ತೋರಿಸಿ ಪ್ರಾಣ ತಿನ್ನುತ್ತಾರೆ. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ನರ್ಸಮ್ಮ ಅನ್ನುತ್ತಿದ್ದರು. ಅಷ್ಟು ಸಾಕು.

ತೊಂಬತ್ತರ ದಶಕದಲ್ಲಿ ನಾನು ಜವನಗೊಂಡನಹಳ್ಳಿ ಸುತ್ತಿನ ಹಳ್ಳಿ, ಹಟ್ಟಿಗಳನ್ನು ತಿರುಗುತ್ತಿದ್ದ ನರ್ಸು. ಅವರದು ನೀರಿನ ಕೆಲಸ. ಲಾರಿ ತಂದು ಭೂಮಿ ಕೊರೆಯುವವರಲ್ಲ. ಹಳ್ಳದ ಮರಳಿನಲ್ಲಿ ಕಬ್ಬಿಣದ ಪೈಪನ್ನು ಬಡಿದು ಬಡಿದು ಇಳಿಸಿ, ಮೇಲೊಂದು ಕೈಪಂಪು ಕೂರಿಸಿ ಕೊಡುವವರು. ನಮ್ಮ ಸೀಮೆಯೆಲ್ಲ ಬಂಡೆ. ಬಂಡೆಯಲ್ಲಿ ಈ ಪೈಪು ಇಳಿಯುವುದಿಲ್ಲ. ವೇದಾವತಿಯ ದಂಡೆ, ಅದಕ್ಕೆ ಬಂದು ಸೇರುವ ಬೇಸಿಗೆಯಲ್ಲಿ ಒಣಗಿದ ಹಳ್ಳಗಳು, ಕೆರೆಗಳ ಹಿಂದಿನ ಹೂಳು, ಇಷ್ಟೇ ಅವರ ರಾಜ್ಯ. ಆದರೆ ಮಾತು ಕೇಳಿದರೆ ಇಡೀ ಭೂಮಿಯ ಒಳಗಿನ ನೀರೆಲ್ಲ ಇವರ ಮನೆಯ ಬಚ್ಚಲ ಹಂಡೆಯಿಂದಲೇ ಹೋಗುತ್ತದೆ ಅನ್ನಿಸಬೇಕು, ಅಂಥ ಜಂಭ.

ಮೊದಲ ಸಲ ಅವರನ್ನು ಕರೆಸಿದ್ದು ನನ್ನ ಕ್ವಾರ್ಟರ್ಸಿಗೇ. ಲೂನಾ ಮೇಲೆ ಬಂದರು, ಕಾಫಿ ಕುಡಿದರು, ಹಿತ್ತಲಿನಲ್ಲಿ ಒಂದು ಸುತ್ತು ಹಾಕಿದರು, ಟವೆಲ್ ಹಾಸಿಕೊಂಡು ಬರೀ ನೆಲಕ್ಕೆ ಕೆನ್ನೆ ಕೊಟ್ಟು ಮಲಗಿಬಿಟ್ಟರು. ನನಗೆ ಮೈ ಉರಿದು ಹೋಯಿತು. ಗೊರಕೆ ಬೇರೆ. ಬಿಸಿಲು ಇಳಿಯುವ ಹೊತ್ತಿಗೆ ಎದ್ದು, ಕೆನ್ನೆಗೆ ಅಂಟಿದ ಮಣ್ಣು ಒರೆಸಿಕೊಳ್ಳುತ್ತಾ ಹೇಳಿದರು: "ಇಲ್ಲಿ ನಿದ್ದೆ ಬರ್ತೈತೆ ನರ್ಸಮ್ಮ, ನೀರು ಬರಲ್ಲ. ಕೆಳಗೆ ಬಂಡೆ ಐತೆ." ಇನ್ನೊಂದು ಲೋಟ ಕಾಫಿ ಕುಡಿದು ಹೊರಟೇ ಹೋದರು. ನಾನು ಬೀದಿ ನಲ್ಲಿಯ ಮುಂದೆ ಕೊಡ ಇಡುವುದು ತಪ್ಪಲಿಲ್ಲ.

ಅದು ಅವರ ಪದ್ಧತಿ. ಪೈಪು ಹೊಡೆಯುವ ಮುಂಚೆ ಆ ಜಾಗದಲ್ಲಿ ಒಂದು ಮಧ್ಯಾಹ್ನದ ನಿದ್ದೆ ಮಾಡಲೇಬೇಕು. ಮೇಲಿನ ಬಿಸಿ ಮರಳನ್ನು ಅಂಗೈಯಿಂದ ಸರಿಸಿ, ಒಳಗಿನ ಮರಳಿಗೆ ಕೆನ್ನೆ ತಾಗಿಸಿ ಮಲಗುವರು. ಎದ್ದಾಗ ಕೆನ್ನೆ ತಣ್ಣಗಿದ್ದರೆ ಹತ್ತಿರದಲ್ಲಿ ನೀರಿದೆ ಅಂತ. ಇದು ಎಷ್ಟು ನಿಜವೋ ನನಗೆ ಗೊತ್ತಿಲ್ಲ. ತಪ್ಪಿದ್ದೂ ಇದೆ. ಆದರೆ ಸುಡುವ ಬಿಸಿಲಿನಲ್ಲಿ, ಜಾಲಿಯ ತೆಳ್ಳನೆ ನೆರಳು ಮೈಮೇಲೆ ಅಲ್ಲಾಡುತ್ತಿರುವಾಗ, ಇಡೀ ಹಳ್ಳ ಬೆಳ್ಳಗೆ ಹೊಳೆಯುತ್ತಿರುವಾಗ, ಆ ಮನುಷ್ಯ ಹಾಗೆ ಮಲಗಿದ್ದನ್ನು ನೋಡಿದರೆ ನಮಗೂ ಕಣ್ಣು ಎಳೆಯುತ್ತಿತ್ತು. ದೂರದ ಕುರಿಗಳ ಸದ್ದೂ ನಿಂತುಹೋಗುತ್ತಿತ್ತು. ಕಾಯುತ್ತಾ ಕೂತ ಊರಿನವರೂ ಒಬ್ಬೊಬ್ಬರಾಗಿ ತಲೆಗೆ ಟವೆಲ್ ಮುಚ್ಚಿಕೊಂಡು ಒರಗುವರು. ಎಷ್ಟೋ ಸಲ ನಾನು ಬಸ್ಸು ತಪ್ಪಿಸಿಕೊಂಡದ್ದು ಹಾಗೆಯೇ.

ಎದ್ದ ಮೇಲೆ ಕೆಲಸ. ಪೈಪಿನ ತುದಿಗೆ ಚೂಪಾದ ಕಬ್ಬಿಣದ ಮೂತಿ. ಅದರ ಮೇಲುಭಾಗದಲ್ಲಿ ಸುತ್ತಲೂ ಸಣ್ಣ ತೂತು, ತೂತಿಗೆ ಮರಳು ನುಗ್ಗದ ಹಾಗೆ ಹಿತ್ತಾಳೆಯ ಜರಡಿ. ಪೈಪನ್ನು ನೆಟ್ಟಗೆ ನಿಲ್ಲಿಸಿ, ಹಗ್ಗ ಕಟ್ಟಿದ ಭಾರದ ಕೊರಡನ್ನು ಊರಿನ ಗಂಡಸರು ಎರಡೂ ಕಡೆಯಿಂದ ಎತ್ತಿ ಅದರ ತಲೆಯ ಮೇಲೆ ಬಿಡಬೇಕು. ಧಡ್ ಅನ್ನುವ ಆ ಸದ್ದು ಹಳ್ಳದ ಎರಡೂ ದಂಡೆಗೆ ಬಡಿದು ತಿರುಗಿ ಬರುತ್ತಿತ್ತು. ನಡುನಡುವೆ ಕೈ ಎತ್ತಿ ನಿಲ್ಲಿಸಿ, ತಾಯಂದಿರು ಮಗುವಿನ ಮೂಗು ಒರೆಸುವ ಹಾಗೆ ಪೈಪಿನ ತಲೆಯನ್ನು ಟವೆಲಿನಿಂದ ಒರೆಸುವರು. ಕಿವಿ ಕೊಟ್ಟು ಕೇಳುವರು. ಒಂದು ಪೈಪು ಮುಳುಗಿದರೆ ಅದರ ತಲೆಗೆ ಇನ್ನೊಂದನ್ನು ತಿರುಗಿಸಿ ಜೋಡಿಸುವರು. ಕೊನೆಗೆ ದಾರಕ್ಕೆ ಮೊಳೆ ಕಟ್ಟಿ ಪೈಪಿನೊಳಗೆ ಇಳಿಬಿಟ್ಟು ಮೆಲ್ಲಗೆ ಎಳೆಯುವರು. ದಾರ ಒದ್ದೆಯಾಗಿ ಬಂದರೆ ಆ ಒದ್ದೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಯಾರಿಗೂ ಏನೂ ಹೇಳದೆ ಬೀಡಿ ಹಚ್ಚುವರು. ಅಷ್ಟರಿಂದಲೇ ಊರಿಗೆ ಗೊತ್ತಾಗುತ್ತಿತ್ತು.

ಸುಳ್ಳು ಹೇಳುವುದರಲ್ಲಿ ಮಾತ್ರ ಅವರನ್ನು ಮೀರಿಸುವವರು ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಹಿರಿಯೂರಿನ ಹತ್ತಿರ ಇವರು ಹೊಡೆದ ಪಂಪಿನಲ್ಲಿ ಮೂಗುಬಟ್ಟು ಹಾಕಿದ ಮೀನು ಬಂದಿತ್ತಂತೆ. ಅದನ್ನು ವಾಪಸು ಬಿಟ್ಟರಂತೆ, ಯಾರ ಮನೆಯ ಸೊಸೆಯೋ ಏನೋ ಅಂತ. ಚಂದ್ರವಳ್ಳಿಯ ಗುಹೆಯಲ್ಲಿ ಒಂದು ಕಲ್ಲು ಎತ್ತಿದರೆ ಕೆಳಗೆ ಹೊಳೆ ಹರಿಯುವುದು ಕಾಣುತ್ತದಂತೆ, ಅದು ಇವರಿಗೂ ಹಳೇ ಕಾಲದ ಒಬ್ಬ ರಾಜನಿಗೂ ಬಿಟ್ಟರೆ ಬೇರೆ ಯಾರಿಗೂ ತಿಳಿಯದಂತೆ. ಹೊಳಲ್ಕೆರೆಯಲ್ಲಿ ಹೆಣ್ಣು ನೋಡಲು ಹೋದಾಗ ಇವರು ಅಂಗಳದಲ್ಲಿ ಕಾಲಿಟ್ಟ ಕೂಡಲೇ ಬತ್ತಿದ್ದ ಬಾವಿ ಉಕ್ಕಿ, ಮಾವನವರು ಕಾಲು ಹಿಡಿದು ಹುಡುಗಿ ಕೊಟ್ಟರಂತೆ. ಒಮ್ಮೆ ಅವರ ಮನೆಯಲ್ಲೇ ಆ ಮಾತು ಬಂದಾಗ ಅವರ ಹೆಂಡತಿ ಒಳಗಿನಿಂದ ಉಪ್ಪಿಟ್ಟು ತರುತ್ತಾ, ನಮ್ಮ ತವರಲ್ಲಿ ಬಾವಿಯೇ ಇರಲಿಲ್ಲ ಅಂದರು. ಇವರು ಒಂಚೂರೂ ಅಳುಕದೆ ಉಪ್ಪಿಟ್ಟು ತಿಂದರು.

ಅದೇ ದಿನ ಆಕೆ ನನ್ನನ್ನು ಅಡುಗೆಮನೆಗೆ ಕರೆದು ಒಂದು ಮಾತು ಹೇಳಿದರು. ಎಚ್ಚರ ಇದ್ದಾಗ ಇವರು ಹೇಳಿದ್ದು ಒಂದೂ ನಂಬಬೇಡಿ, ಆದರೆ ಕನಸು ಅಂತ ಹೇಳಿದರೆ ನಂಬಿ, ಅದರಲ್ಲಿ ಒಂದು ಅಕ್ಷರ ಕೂಡಿಸುವುದಿಲ್ಲ ಅಂತ. ಆಮೇಲೆ ಗಮನಿಸಿದೆ, ನಿಜ. ಮೀನಿಗೆ ಮೂಗುಬಟ್ಟು ಹಾಕುವ ಮನುಷ್ಯ ಕನಸು ಹೇಳುವಾಗ ಸಪ್ಪೆ ಸಪ್ಪೆಯಾಗಿ ಹೇಳುತ್ತಿದ್ದರು. ಒಂದು ಬಸ್ಸು ಬಂತು, ಹತ್ತಲಿಲ್ಲ, ಅಷ್ಟೇ. ತೆಂಗಿನ ತೋಟ, ಯಾರೂ ಇರಲಿಲ್ಲ, ಅಷ್ಟೇ. ಮುಂದೇನಾಯಿತು ಅಂದರೆ ಮುಂದೆ ಕಾಣಲಿಲ್ಲ ಅನ್ನುವರು. ನಾವೇ ಏನಾದರೂ ಸೇರಿಸಲು ಹೋದರೆ ಸಿಟ್ಟು ಮಾಡುವರು. ಎಚ್ಚರದ ಪ್ರಪಂಚ ತಮ್ಮದು, ಹೇಗೆ ಬೇಕಾದರೂ ತಿದ್ದಬಹುದು; ನಿದ್ದೆಯ ಪ್ರಪಂಚ ಇನ್ಯಾರದೋ, ಕೈ ಹಾಕಬಾರದು ಅಂತ ಅವರಿಗಿತ್ತೇನೋ. ನಾನು ಕೇಳಲಿಲ್ಲ, ಕೇಳಿದ್ದರೆ ಅದಕ್ಕೂ ಒಂದು ಸುಳ್ಳು ಹೇಳುತ್ತಿದ್ದರು.

ಎರಡು ಸಾವಿರದ ಈಚೆಗೆ ಅವರ ಕೆಲಸ ಸೊರಗಿತು. ಬೋರ್‌ವೆಲ್ ಲಾರಿಗಳು ಸಂದುಗೊಂದಿಗೆಲ್ಲ ಬಂದವು. ಅದಕ್ಕಿಂತ ಹೆಚ್ಚಾಗಿ ಮರಳಿನ ಲಾರಿಗಳು. ಬೆಂಗಳೂರಿನ ಮನೆಗಳಿಗೆ ನಮ್ಮ ಹಳ್ಳಗಳ ಮರಳು ಹೊರಟಿತು. ಒಂದು ಸಲ ಹಿರಿಯೂರಿನ ಹೈವೇ ಪಕ್ಕದ ಚಹಾ ಅಂಗಡಿಯಲ್ಲಿ ಸಿಕ್ಕಿದ್ದರು. ನೀರು ಸೋರಿಸುತ್ತಾ ಹೋಗುತ್ತಿದ್ದ ಲಾರಿಗಳನ್ನು ನೋಡಿ, "ನನ್ನ ಹಾಸಿಗೆ ಹೊತ್ಕೊಂಡು ಹೋಗ್ತಾವ್ರೆ ನೋಡ್ರಿ" ಅಂದರು. ನಗುತ್ತಲೇ ಅಂದದ್ದು.  ಮನೆಯ ಮಂಚದ ಮೇಲೆ ನಿದ್ದೆ ಬಂದರೂ ಕನಸು ಬರುವುದಿಲ್ಲ ಅಂತ ಕೊನೆಯ ವರ್ಷಗಳಲ್ಲಿ ಗೊಣಗುತ್ತಿದ್ದರಂತೆ.

ಅವರು ಹೊಡೆದ ಪೈಪುಗಳಲ್ಲಿ ಒಂದರ ಕಥೆ ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ಅದನ್ನು ಹೊಡೆಸಿದ್ದು ನಾನು.

ನನ್ನ ಸುತ್ತಿಗೆ ಸೇರಿದ ಒಂದು ಕುರಿಗಾರರ ಹಟ್ಟಿ. ಸುತ್ತಲೂ ಮುಳ್ಳುಬೇಲಿ, ನಡುವೆ ದೇವರ ಗುಡಿ, ಎದುರಿಗೆ ಹಳ್ಳ. ಹೆರಿಗೆಯಾದ ಹೆಂಗಸು ಮಗುವಿನ ಜೊತೆ ಬೇಲಿಯ ಆಚೆ, ಹಳ್ಳದ ಮೇಲುಭಾಗದಲ್ಲಿದ್ದ ಒಂದು ಗುಡಿಸಲಿನಲ್ಲಿ ಇರಬೇಕು. ತಿಂಗಳುಗಳ ಮೇಲೆ ಶುದ್ಧ ಮಾಡಿ ಒಳಗೆ ಕರೆದುಕೊಳ್ಳುವ ತನಕ ಅವಳು ಹಟ್ಟಿಯ ಏನನ್ನೂ ಮುಟ್ಟುವಂತಿಲ್ಲ, ಅವಳನ್ನೂ ಯಾರೂ ಮುಟ್ಟುವಂತಿಲ್ಲ. ಗುಡಿಸಲಿಗೆ ಹೋಗಿಬಂದವಳು ಅಂತ ನನ್ನನ್ನೂ ಹಟ್ಟಿಯೊಳಗೆ ಬಿಡುತ್ತಿರಲಿಲ್ಲ, ಹಾಗಾಗಿ ಹಟ್ಟಿಯ ಕೆಲಸವೆಲ್ಲ ಮುಗಿಸಿ ಕೊನೆಗೆ ಅಲ್ಲಿಗೆ ಹೋಗುತ್ತಿದ್ದೆ. ನೀರು ಬೇಕಾದರೆ ಬಾಣಂತಿ ಕೂಗಬೇಕು. ಯಾರಾದರೂ ಹಟ್ಟಿಯ ಮುಂದೆ ಮರಳಿನಲ್ಲಿ ತೋಡಿದ್ದ ಒರತೆಯಿಂದ ಬಿಂದಿಗೆ ತುಂಬಿ ತಂದು, ಮೇಲಿನಿಂದ ಅವಳ ಬಿಂದಿಗೆಗೆ ಸುರಿದು ಹೋಗಬೇಕು. ಅವಳೇ ಅಲ್ಲಿ ಒಂದು ಒರತೆ ತೋಡಿಕೊಳ್ಳುವ ಹಾಗೂ ಇಲ್ಲ. ಗುಡಿಸಲು ಮೇಲೆ, ಹಟ್ಟಿ ಕೆಳಗೆ. ಅವಳು ಮುಟ್ಟಿದ ನೀರು ಮರಳೊಳಗೇ ಹರಿದು ಹಟ್ಟಿಯ ಒರತೆಗೆ ಬರುತ್ತದೆ, ದೇವರಿಗೆ ಮೈಲಿಗೆಯಾಗುತ್ತದೆ ಅನ್ನುವ ಭಯ.

ಆ ಬೇಸಿಗೆಯಲ್ಲಿ ಅಲ್ಲಿ ಇದ್ದದ್ದು ಕರಿಯಮ್ಮ ಅನ್ನುವ ಹುಡುಗಿ, ಚೊಚ್ಚಲ ಬಾಣಂತಿ. ಬಾಯಿ ಸತ್ತವಳು. ಒಂದು ಮಧ್ಯಾಹ್ನ ಹೋದರೆ ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಬಿಂದಿಗೆ ಬೆಳಗಿನಿಂದ ಖಾಲಿ. ಗಂಡಸರು ಕುರಿ ಹಿಂದೆ, ಹೆಂಗಸರು ಕೂಲಿಗೆ. ಕೂಗಿದೆಯೇನೇ ಅಂದರೆ ಇಲ್ಲ ಅಂತ ತಲೆಯಾಡಿಸಿದಳು. ಎಷ್ಟು ಸಲ ಅಂತ ಕೂಗುವುದು ಅಕ್ಕ, ಬೈತಾರೆ ಅಂದಳು. ಕೂಗಬೇಕಾಗುತ್ತದೆ ಅಂತಲೇ ಅವಳು ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದಳು. ಎದೆಹಾಲು ಇಳಿದುಹೋಗಿತ್ತು. ಮಗು ಅಳುವುದಕ್ಕೂ ತ್ರಾಣವಿಲ್ಲದೆ ಬಾಯಿ ತೆರೆದು ಮುಚ್ಚುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಅದೇ ಗುಡಿಸಲಿನಿಂದ ಒಂದು ಕೂಸನ್ನು ಮಣ್ಣಿಗೆ ಹೊತ್ತದ್ದನ್ನು ನಾನು ನೋಡಿದ್ದೆ. ಹಟ್ಟಿಗೆ ಹೋಗಿ ಬೇಲಿಯಾಚೆ ನಿಂತು ಬಾಯಿಗೆ ಬಂದಂತೆ ಬೈದೆ. ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಅವರೇನು ಕಟುಕರಲ್ಲ. ದೇವರಿಗೆ ಹೆದರಿದವರು.

ಮಾರನೆಯ ದಿನವೇ ಅಣ್ಣನನ್ನು ಹುಡುಕಿಕೊಂಡು, ಅವರು ಆಗ ಕೆಲಸದ ಮೇಲಿದ್ದ ಹಿರಿಯೂರಿಗೆ ಹೋದೆ. ಗುಡಿಸಲ ಬಳಿ ಅವಳದೇ ಒಂದು ಪಂಪು ಆಗಬೇಕು ಅಂದೆ. ಅದನ್ನು ಹೇಳುವಾಗಲೇ ನನಗೆ ನನ್ನ ಮೇಲೆ ಬೇಜಾರು. ಗುಡಿಸಲನ್ನೇ ಕಿತ್ತು ಹಾಕಿಸುವುದು ಬಿಟ್ಟು ಅದಕ್ಕೆ ನೀರಿನ ಸೌಕರ್ಯ ಮಾಡಲು ಹೊರಟಿದ್ದೇನಲ್ಲ, ಜೈಲಿಗೆ ನಲ್ಲಿ ಹಾಕಿಸಿದ ಹಾಗಾಯಿತಲ್ಲ ಅಂತ ಅವರ ಹತ್ತಿರವೇ ಗೊಣಗಿದೆ. ಅವರು ಪೈಪು ಎಣಿಸುತ್ತಿದ್ದರು. "ಕೀಳಾಣ ನರ್ಸಮ್ಮ. ಕೀಳೋ ತನಕ ಅವ್ಳಿಗೆ ಬಾಯಾರಕೆ ಆಗಲ್ವಾ?" ಅಂದರು. ಆ ಗುಡಿಸಲು ಈಗಿಲ್ಲ. ಹಟ್ಟಿಯ ಹುಡುಗಿಯರು ಓದಿಕೊಂಡು ಬಂದು ಜಗಳವಾಡಿ ತೆಗೆಸಿದರು. ಆದರೆ ಅದಕ್ಕೆ ಬಹಳ ವರ್ಷ ಹಿಡಿಯಿತು. ಅಷ್ಟು ವರ್ಷ ಬಾಯಾರಿಕೆ ಕಾಯುತ್ತಿರಲಿಲ್ಲ.

ಹಟ್ಟಿಯ ಪೂಜಾರಪ್ಪ ಒಂದು ಕರಾರು ಹಾಕಿದರು. ಪಂಪು ಹಟ್ಟಿಯ ಒರತೆಗಿಂತ ಕೆಳಗಿರಬೇಕು. ಹರಿವು ಆ ಕಡೆಗಿದೆ, ಮೈಲಿಗೆ ಮುಂದಕ್ಕೆ ಹೋಗುತ್ತದೆ. ಹೋಗಲಿ ಬಿಡಿ, ಆಂಧ್ರದವರು ನೋಡಿಕೊಳ್ಳುತ್ತಾರೆ ಅಂದರು ಅಣ್ಣ. ಹಟ್ಟಿಯವರು ಬಿದ್ದು ಬಿದ್ದು ನಕ್ಕರು. ಗುಡಿಸಲಿನಿಂದ ಅಲ್ಲಿಗೆ ದೂರ, ಆದರೂ ಆಗಲಿ ಅಂತ ಒಪ್ಪಿದೆ. ಕೆಳಭಾಗದಲ್ಲಿ ಒಂದು ಕಡೆ ಮಧ್ಯಾಹ್ನವಾದರೆ ಕುರಿಗಳೆಲ್ಲ ಬಂದು ನೆಲಕ್ಕೆ ಮೂತಿ ಇಟ್ಟುಕೊಂಡು ಮಲಗುತ್ತಿದ್ದವು. ಕುರಿಗಾರರು ಅದನ್ನು ತೋರಿಸಿದರು: ಕುರಿ ತಂಪು ಹುಡುಕಿಯೇ ಮಲಗುತ್ತದೆ, ಅಲ್ಲಿ ನೀರು ಖಂಡಿತ ಅಂತ. ಅಣ್ಣನಿಗೆ ಈ ಮಾತು ಬಹಳ ಹಿಡಿಸಿತು, ತಮ್ಮ ಹಾಗೇ ಮಲಗಿ ನೀರು ನೋಡುವ ಪ್ರಾಣಿ ಅಂತ. ಕುರಿಗಳೇ ಮಲಗಿದ ಮೇಲೆ ನಾನ್ಯಾಕೆ ಅಂತ ಆ ಒಂದು ಸಲ ತಾವು ಮಲಗಲಿಲ್ಲ.

ಪೈಪು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ನೀರೂ ಬಂತು. ಮೊದಲ ಬೊಗಸೆ ಅಣ್ಣನೇ ಕುಡಿದರು. ಮುಖ ನೋಡಿಯೇ ನನಗೆ ತಿಳಿಯಿತು. ಉಪ್ಪು, ನಾಲಿಗೆ ಕಚ್ಚುವ ಉಪ್ಪು. ಕುರಿಗಳು ಅಲ್ಲಿಗೆ ಬರುತ್ತಿದ್ದದ್ದು ತಂಪಿಗಲ್ಲ, ಚೌಳು ಮಣ್ಣು ನೆಕ್ಕುವುದಕ್ಕೆ. ಹುಟ್ಟಿದಾಗಿನಿಂದ ಕುರಿ ಕಾಯ್ದವರಿಗೂ ಅದು ಹೊಳೆದಿರಲಿಲ್ಲ. ನೀರು ಬೇಕು ಅನ್ನುವ ಆಸೆಯಲ್ಲಿ ಎಲ್ಲರೂ ಒಟ್ಟಿಗೆ ಮರೆತಿದ್ದರು. ಅಣ್ಣ ಆ ಬೊಗಸೆಯನ್ನು ಉಗುಳದೆ ನುಂಗಿದರು. ಆ ದಿನವಿಡೀ ಒಂದೂ ಸುಳ್ಳು ಹೇಳಲಿಲ್ಲ. ಪೈಪು ಕಿತ್ತು ಮರಳಿನ ಮೇಲೆ ಸಾಲಾಗಿ ಇಟ್ಟು ಅದರ ಪಕ್ಕದಲ್ಲಿ ಸುಮ್ಮನೆ ಕೂತಿದ್ದರು.

ಇನ್ನು ಉಳಿದದ್ದು ಮೇಲುಭಾಗ. ಗುಡಿಸಲ ಹತ್ತಿರ ಹಳ್ಳ ತಿರುಗುವ ಕಡೆ ಒಳ್ಳೆಯ ಮರಳು ತುಂಬಿತ್ತು. ಅಲ್ಲಿ ಒಪ್ಪಿಗೆ ಕೊಡುವುದು ತಮ್ಮ ಕೈಯಲ್ಲಿಲ್ಲ ಅಂದರು ಪೂಜಾರಪ್ಪ. ಆ ಹಟ್ಟಿಯಲ್ಲಿ ದೊಡ್ಡ ವಿಚಾರಗಳೆಲ್ಲ ಕನಸಿನಲ್ಲೇ ತೀರ್ಮಾನವಾಗುತ್ತಿದ್ದವು. ಕುರಿ ಯಾವ ಸೀಮೆಗೆ ಹೊಡೆಯಬೇಕು, ಹಬ್ಬ ಯಾವಾಗ ಮಾಡಬೇಕು, ದೇವರು ಯಾರದಾದರೂ ಕನಸಿಗೆ ಬಂದು ಹೇಳಬೇಕು. ಅಣ್ಣನ ಕನಸಿನ ಖ್ಯಾತಿ ಅಲ್ಲಿಗೂ ಮುಟ್ಟಿತ್ತು. ಪೂಜಾರಪ್ಪನೇ ಹೇಳಿದರು: "ನೀನೇ ಅಲ್ಲಿ ಮಲಗಪ್ಪ. ದೇವ್ರು ನಿನ್ನ ಕನಸಿಗೆ ಬಂದು ಹೂಂ ಅಂದ್ರೆ ನಮ್ದೇನೂ ಅಡ್ಡಿ ಇಲ್ಲ."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಇದೆಷ್ಟರ ಕೆಲಸ. ಬೇಲಿಯಿಂದ ದೂರ ಬಂದ ಕೂಡಲೇ ಅಣ್ಣನಿಗೆ ಹೇಳಿದೆ, ನಾಳೆ ಎದ್ದು ದೇವರು ಬಂದಿದ್ದ ಅಂದುಬಿಡಿ, ಬಿಳಿ ಕಂಬಳಿ ಹೊದ್ದುಕೊಂಡಿದ್ದ ಅನ್ನಿ, ಬೇಕಾದರೆ ಮೂಗುಬಟ್ಟೂ ಹಾಕಿ. ಅವರು ನಗಲಿಲ್ಲ.

"ಬೇರೆ ಏನಾರ ಸುಳ್ಳು ಹೇಳ್ರಿ ಅಂದ್ರೆ ಹೇಳ್ತೀನಿ. ಕನಸು ಆಗಲ್ಲ."

ನಾನು ಅಲ್ಲೇ ರಸ್ತೆಯಲ್ಲಿ ನಿಂತು ಜಗಳವಾಡಿದೆ. ಒಂದು ಕೂಸಿನ ಜೀವ ದೊಡ್ಡದೋ ನಿಮ್ಮ ಕನಸಿನ ಮಡಿ ದೊಡ್ಡದೋ ಅಂದೆ.  ನಾನಾಗಿದ್ದರೆ ಹೇಳಿಬಿಡುತ್ತಿದ್ದೆ, ಇವತ್ತಿಗೂ ಹೇಳುತ್ತೇನೆ, ಅದರಲ್ಲಿ ನನಗೆ ಒಂದಿಷ್ಟೂ ಅನುಮಾನವಿಲ್ಲ. ಆದರೆ ಆ ಮನುಷ್ಯ ಕಲ್ಲು.

ಅಂತೂ ಮಲಗುವುದು ಶುರುವಾಯಿತು. ದಿನಾ ಹೊತ್ತು ನೆತ್ತಿಗೆ ಬಂದಾಗ ಹಳ್ಳದ ತಿರುವಿನಲ್ಲಿ ಮರಳು ಸರಿಸಿ ಮಲಗುವರು. ಬಿಸಿಗಾಳಿಗೆ ಆಚೆ ದಂಡೆಯ ಮರಗಳು ನೀರಿನಲ್ಲಿ ನಿಂತ ಹಾಗೆ ಅಲುಗುತ್ತಿದ್ದವು. ಗುಡಿಸಲಿನ ಬಾಗಿಲಲ್ಲಿ ಕರಿಯಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಮಲಗಿದವರನ್ನೇ ನೋಡುತ್ತಾ ಕೂರುವಳು. ನಾನು ಜವನಗೊಂಡನಹಳ್ಳಿಯಿಂದ ಕ್ಯಾನಿನಲ್ಲಿ ನೀರು ಹೊತ್ತು ತಂದು ಅವಳಿಗೆ ಕುಡಿಸಿ, ಅವಳ ಪಕ್ಕದಲ್ಲೇ ಕೂರುತ್ತಿದ್ದೆ. ಯಾರೂ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಅವರ ಕನಸು ಕೆಟ್ಟೀತು ಅಂತ. ಇಡೀ ಹಟ್ಟಿಯೇ ಒಬ್ಬ ಮನುಷ್ಯನ ನಿದ್ದೆಯ ಸುತ್ತ ಉಸಿರು ಹಿಡಿದು ನಿಂತಿತ್ತು. ಆ ಮಧ್ಯಾಹ್ನಗಳು ನಿಜವಾಗಿ ನಡೆದವೋ ಇಲ್ಲವೋ ಅಂತ ಈಗ ಒಮ್ಮೊಮ್ಮೆ ಅನುಮಾನವಾಗುತ್ತದೆ.

ಸಂಜೆ ಬೇಲಿಯ ಪಕ್ಕದ ಕಟ್ಟೆಯ ಹತ್ತಿರ ಜನ ಸೇರುವರು. ಇವತ್ತು ಏನು ಕಂಡೆಯಪ್ಪ ಅಂತ ಪೂಜಾರಪ್ಪ ಕೇಳುವರು. ಇವತ್ತು ರೈಲು. ಇವತ್ತು ಒಂದು ಬಿಳಿ ಕೋಳಿ, ಗೋಡೆ ಮೇಲೆ. ಇವತ್ತು ಏನೂ ಇಲ್ಲ. ಜನ ಎದ್ದು ಹೋಗುವರು. ಕೋಳಿಗೆ ಏನಾದರೂ ಅರ್ಥವಿರಬಹುದೇ ಅಂತ ಒಂದಿಬ್ಬರು ಪ್ರಯತ್ನಪಟ್ಟರು. ಕೋಳಿ ಅಂದರೆ ಕೋಳಿ ಅಂದುಬಿಟ್ಟರು ಅಣ್ಣ. ನನಗೆ ಆ ಮನುಷ್ಯನ ಕತ್ತು ಹಿಸುಕುವಷ್ಟು ಕೋಪ. ಕೂಸಿನ ತೂಕ ಏರುತ್ತಿರಲಿಲ್ಲ. ನಾನು ಬರಲಾಗದ ದಿನ ಬಿಂದಿಗೆ ಮತ್ತೆ ಒಣಗಿರುತ್ತಿತ್ತು. ಅದನ್ನು ಕಂಡು ಅಣ್ಣನೂ ಸೊರಗುತ್ತಿದ್ದರು. ಊಟ ಸೇರುತ್ತಿರಲಿಲ್ಲ. ಹೇಳಿ ಅಂತ ನಾನು, ಬರಲಿ ಅಂತ ಅವರು.

ಕೊನೆಗೆ ಒಂದು ದಿನ ಅವರು ಬಹಳ ಹೊತ್ತು ಏಳಲಿಲ್ಲ. ಎದ್ದ ಮೇಲೂ ಕೂತೇ ಇದ್ದರು. ಮರಳು ಅಂಟಿದ ಕೆನ್ನೆಯ ಮೇಲೆ ಕಣ್ಣೀರು ಇಳಿದ ಗೆರೆಯಿತ್ತು. ಸಂಜೆ ಕಟ್ಟೆಯ ಹತ್ತಿರ ಹೋಗಿ ಬೇಲಿಯಾಚೆಯೇ ನಿಂತು ಹೇಳಿದರು.

"ದೇವ್ರು ಬರ್ಲಿಲ್ಲ. ನಮ್ಮವ್ವ ಬಂದಿದ್ಲು. ಇಂಥದೇ ಗುಡ್ಲು. ನನ್ನ ತಂಗೀನ ಹೆತ್ತು ಕುಂತಿದ್ಲು. ನಾನು ಈಚೆ ಕಡೆ, ಸಣ್ಣವನು. ಕೈಯಾಗೆ ತುಂಬಿದ ಬಿಂದಿಗೆ ಐತೆ. ಅವ್ವ ಬೊಗಸೆ ಒಡ್ಡಿದ್ಲು. ನಂಗೆ ಬಿಂದಿಗೆ ಎತ್ತಾಕೆ ಬರ್ತಿಲ್ಲ. ಅಷ್ಟೇ."

ಅವರೂ ಇಂಥ ಹಟ್ಟಿಯಲ್ಲೇ ಹುಟ್ಟಿದವರು ಅಂತ ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಹೊಸದುರ್ಗದ ಪೇಟೆಯವರು ಅಂದುಕೊಂಡಿದ್ದೆ. ಅಷ್ಟೊಂದು ಸುಳ್ಳಿನ ಮಧ್ಯೆ ಇದನ್ನು ಎಲ್ಲಿ ಇಟ್ಟಿದ್ದರೋ.

ಪೂಜಾರಪ್ಪ ನಿಟ್ಟುಸಿರು ಬಿಟ್ಟರು. ಇದು ದೇವರ ಕನಸಲ್ಲವಲ್ಲಪ್ಪ ಅಂದರು. ಅಲ್ಲ ಅಂತ ನಾನೂ ಹೇಳುತ್ತಿದ್ದೇನೆ ಅಂದರು ಅಣ್ಣ. ಜನ ಏಳುವುದಕ್ಕೆ ಹೊರಟರು.  ಆಗ ಕಟ್ಟೆಯ ಕೆಳಗೆ ಕೂತಿದ್ದ ಪೂಜಾರಪ್ಪನ ತಾಯಿ, ಕಣ್ಣು ಮಂಜಾದ ಮುದುಕಿ, ಅಣ್ಣನ ಧ್ವನಿ ಬಂದ ಕಡೆಗೆ ತಿರುಗಿದರು.

"ನೀರು ಹಾಕಿದ್ಯೇನಪ್ಪ ನಿಮ್ಮವ್ವಂಗೆ?"

"ಇಲ್ಲಜ್ಜಿ. ಅಷ್ಟ್ರಾಗೆ ಎಚ್ರ ಆತು."

"ಹಂಗಾರೆ ಹೋಗಿ ಹಾಕು."

ಪೂಜಾರಪ್ಪ ಏನೋ ಹೇಳಲು ಹೊರಟರು. ಅಜ್ಜಿ ಮಗನ ಕಡೆ ಕೈ ಚಾಚಿ ಅವರ ಕಾಲು ಮುಟ್ಟಿ ಹುಡುಕಿ ಹಿಡಿದುಕೊಂಡರು. ದನಿ ಏರಿಸಲೂ ಇಲ್ಲ. "ನಿನ್ನ ಹೆತ್ತಿದ್ದೂ ಆ ಗುಡ್ಲಾಗೇ ಕಣಪ್ಪ. ಆವತ್ತು ನಂಗೆ ಎಷ್ಟು ಹೊತ್ತಿಗೆ ನೀರು ಬಂತು ಅಂತ ಯಾವತ್ತಾರ ಕೇಳಿದ್ಯಾ?"

   ಪೂಜಾರಪ್ಪ ಹೆಗಲ ಮೇಲಿನ ಕಂಬಳಿ ತೆಗೆದು ಕಟ್ಟೆಯ ಮೇಲಿಟ್ಟು, ಕೊರಡು ಎತ್ತುವುದಕ್ಕೆ ಎಷ್ಟು ಜನ ಬೇಕಪ್ಪ ಅಂತ ಅಣ್ಣನನ್ನು ಕೇಳಿದರು.

ಬೆಳಗಾಗುತ್ತಲೇ ಹೊಡೆತ ಶುರುವಾಯಿತು. ಒಂದು ಕಡೆಯ ಹಗ್ಗ ಪೂಜಾರಪ್ಪನೇ ಹಿಡಿದಿದ್ದರು. ಪ್ರತಿ ಹೊಡೆತಕ್ಕೂ ಗುಡಿಸಲಿನ ಸೋಗೆಯಿಂದ ದೂಳು ಉದುರುತ್ತಿತ್ತು. ದಾರ ಒದ್ದೆಯಾಗಿ ಬಂತು. ಅಣ್ಣ ಕಣ್ಣಿಗೆ ಒತ್ತಿಕೊಂಡರು, ಬೀಡಿ ಮಾತ್ರ ಹಚ್ಚಲಿಲ್ಲ. ಪಂಪು ಕೂರಿಸಿದ ಮೇಲೆ ಅದರ ಬಾಯಿಗೆ ಮೊದಲು ಒಂದಿಷ್ಟು ನೀರು ಸುರಿಯಬೇಕು, ಆಗಲೇ ಅದು ಕೆಳಗಿನ ನೀರನ್ನು ಎಳೆಯುತ್ತದೆ. ಯಾರಾದರೂ ಒಂದು ಚೊಂಬು ತನ್ನಿ ಅಂದರು. ಅಜ್ಜಿಯನ್ನು ಇಬ್ಬರು ಕೈಹಿಡಿದು ಕರೆತಂದರು, ಅವರೇ ಸುರಿದರು. ಅಣ್ಣ ಹಿಡಿ ಒತ್ತಿದರು. ಮೊದಲು ಕೆಸರು, ಆಮೇಲೆ ಕಲಕು, ಆಮೇಲೆ ತಿಳಿ. ಒಂದು ಬೊಗಸೆ ಹಿಡಿದು ಕುಡಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತರು. ಸಿಹಿ ನೀರು ಅಂತ ಅವರ ಮುಖವೇ ಹೇಳಿತು. ಗಂಡಸರನ್ನೆಲ್ಲ ದೂರ ಕಳಿಸಿ, ಗುಡಿಸಲಿನ ಕಡೆ ತಿರುಗಿ, ಬಾರವ್ವ ಅಂತ ಮೆಲ್ಲಗೆ ಕರೆದು ತಾವೂ ಸರಿದು ನಿಂತರು.

ಕರಿಯಮ್ಮ ಕೂಸನ್ನು ನನ್ನ ಕೈಗೆ ಕೊಟ್ಟು ಹೋದಳು. ಪಂಪಿನ ಹಿಡಿಯನ್ನು ಮೊದಲು ಒಂದು ಬೆರಳಿನಿಂದ ಮುಟ್ಟಿದಳು. ಆಮೇಲೆ ಒತ್ತಿದಳು. ನೀರು ಬಂತು. ಅವಳು ಬಿಂದಿಗೆ ಇಡಲಿಲ್ಲ, ಕುಡಿಯಲೂ ಇಲ್ಲ. ಸುಮ್ಮನೆ ಒತ್ತುತ್ತಲೇ ಇದ್ದಳು. ನೀರು ಅವಳ ಪಾದದ ಮೇಲೆ ಬಿದ್ದು, ಮರಳಲ್ಲಿ ಹರಿದು, ಅಲ್ಲೇ ಇಂಗಿ ಹೋಗುತ್ತಿತ್ತು. ಹಸಿ ಮೈ, ಆಯಾಸ ಮಾಡಿಕೊಳ್ಳಬೇಡ, ನೀರು ಯಾಕೆ ಚೆಲ್ಲುತ್ತೀಯ ಅಂತ ನಾನು ಗದರಲು ಹೊರಟೆ. ಬೇಡ ಅಂತ ಅಣ್ಣನ ಕೈ ನನ್ನನ್ನು ತಡೆಯಿತು. ಬಹಳ ಹೊತ್ತಾದ ಮೇಲೆ ಅವಳು ಏದುಸಿರು ಬಿಡುತ್ತಾ, ಹಿಡಿಯನ್ನು ಬಿಡದೆಯೇ ನನ್ನ ಕಡೆ ತಿರುಗಿದಳು.

"ಅಕ್ಕ, ನಾನು ಯಾರ್ನೂ ಕೂಗ್ಲೇ ಇಲ್ಲ" ಅಂದಳು.